ವಾಲ್‌ಚಂದ್ ಹೀರಾಚಂದ್: ಸರ್ಕಾರದ ಜೊತೆ ಗುದ್ದಾಡಿದ, ಸರ್ಕಾರದಿಂದಲೇ ಬೆಳೆದ ಉದ್ಯಮಿ

ನಮ್ಮ ತಾತ ಎಚ್‌ಎಎಲ್‌ನಲ್ಲಿ ಫಿಟ್ಟರ್ ಆಗಿದ್ದರು. 1958ರಲ್ಲಿ ಸೇರಿ, ಮಾರುತ್ ಯುದ್ಧವಿಮಾನದ ಕಾಲವನ್ನೆಲ್ಲ ಕಂಡು, ನಿವೃತ್ತಿಯಾದಾಗ ಬಂದ ದುಡ್ಡಲ್ಲಿ ವಿಮಾನಪುರದ ಹತ್ತಿರ ಪುಟ್ಟದೊಂದು ಮನೆ ಕಟ್ಟಿಕೊಂಡವರು. ಮನೆಯಲ್ಲಿ ಗಡಿಯಾರ ಇದ್ದರೂ ಊಟ, ನಿದ್ದೆ ಎಲ್ಲವೂ ಫ್ಯಾಕ್ಟರಿ ಸೈರನ್ ಪ್ರಕಾರವೇ. ಇಷ್ಟು ದೊಡ್ಡ ಫ್ಯಾಕ್ಟರಿ ಕಟ್ಟಿದ್ದು ಯಾರು ತಾತ ಅಂತ ಚಿಕ್ಕವನಿದ್ದಾಗ ಕೇಳಿದ್ದೆ. ಜಾಗ ಮಹಾರಾಜರು ಕೊಟ್ಟಿದ್ದು, ಫ್ಯಾಕ್ಟರಿ ಸರ್ಕಾರದ್ದು ಅಂದಿದ್ದರು. ಅಲ್ಲಿಗೆ ಮಾತು ಮುಗಿದಿತ್ತು. ವಾಲ್‌ಚಂದ್ ಹೀರಾಚಂದ್ ಅನ್ನೋ ಹೆಸರು ಅವರ ಬಾಯಲ್ಲಿ ಒಮ್ಮೆಯೂ ಬರಲಿಲ್ಲ. ಅವರಿಗೆ ಗೊತ್ತೇ ಇರಲಿಲ್ಲ ಅನ್ಸುತ್ತೆ.

ನನಗೂ ಗೊತ್ತಾಗಿದ್ದು ತಡವಾಗಿಯೇ, ಅದೂ ಒಂದು ಜಗಳದ ನೆಪದಲ್ಲಿ. ನಮ್ಮ ಗೆಳೆಯರ ಗುಂಪಿನಲ್ಲಿ ಎರಡು ಪಕ್ಷಗಳಿವೆ. ಒಂದು ಪಕ್ಷದ ಪ್ರಕಾರ ಉದ್ಯಮಿಗಳೆಲ್ಲ ಸರ್ಕಾರವನ್ನು ಜೇಬಲ್ಲಿ ಇಟ್ಟುಕೊಂಡ ಕಳ್ಳರು. ಇನ್ನೊಂದು ಪಕ್ಷದ ಪ್ರಕಾರ ಸರ್ಕಾರ ಸುಮ್ಮನೆ ದೂರ ನಿಂತರೆ ಸಾಕು, ಉದ್ಯಮ ತಾನಾಗಿ ಬೆಳೆಯುತ್ತೆ, ಕೆಲಸ ತಾನಾಗಿ ಹುಟ್ಟುತ್ತೆ. ಪ್ರತಿ ಬಜೆಟ್‌ಗೂ, ಪ್ರತಿ ಹೂಡಿಕೆದಾರರ ಸಮಾವೇಶಕ್ಕೂ ಇದೇ ಜಗಳ, ಅವೇ ಡೈಲಾಗು. ಎರಡೂ ಕಡೆಯವರ ಬಾಯಿ ಮುಚ್ಚಿಸಲು ಒಂದು ಉದಾಹರಣೆ ಹುಡುಕುತ್ತಾ ಹೋದವನಿಗೆ ಸಿಕ್ಕಿದ್ದು ಈ ಮನುಷ್ಯನ ಬದುಕು. ಅದು ಎರಡೂ ವಾದಗಳನ್ನು ಕೆಡಿಸಿಹಾಕುತ್ತೆ. ನನ್ನ ವಾದವನ್ನೂ ಕೆಡಿಸಿತು.

ಸೊಲ್ಲಾಪುರದಿಂದ ಶುರು

ವಾಲ್‌ಚಂದ್ ಹುಟ್ಟಿದ್ದು 1882ರ ನವೆಂಬರ್ 23ರಂದು, ಸೊಲ್ಲಾಪುರದಲ್ಲಿ. ನಮ್ಮ ವಿಜಯಪುರದವರಿಗೆ ಅದು ಪಕ್ಕದೂರು. ಗುಜರಾತಿನಿಂದ ಬಂದು ನೆಲೆಸಿದ್ದ ದಿಗಂಬರ ಜೈನ ಮನೆತನ. ಲೇವಾದೇವಿ ಮತ್ತು ಹತ್ತಿ ವ್ಯಾಪಾರ. ಕಾಲೇಜು ಓದನ್ನು ಅರ್ಧಕ್ಕೆ ಬಿಟ್ಟ ಹುಡುಗನಿಗೆ ಮನೆಯ ಗದ್ದಿಗೆಯ ಮೇಲೆ ಕೂತು ಬಡ್ಡಿ ಲೆಕ್ಕ ಹಾಕುವುದು ಹಿಡಿಸಲಿಲ್ಲ. ರೈಲ್ವೆಯಲ್ಲಿ ಗುಮಾಸ್ತರಾಗಿದ್ದ ಲಕ್ಷ್ಮಣರಾವ್ ಫಾಟಕ್ ಎಂಬುವವರ ಜೊತೆ ಸೇರಿ ರೈಲ್ವೆ ಕಾಮಗಾರಿಯ ಗುತ್ತಿಗೆ ಹಿಡಿದರು. ಹಣ ವಾಲ್‌ಚಂದರದ್ದು, ಅನುಭವ ಫಾಟಕರದ್ದು.

ಇಲ್ಲಿ ಒಂದು ಮಾತು ಗಮನಿಸಿ. ಮುಂದೆ ಸ್ವದೇಶಿ ಉದ್ಯಮದ ವೀರ ಅಂತ ಹೆಸರಾದ ಈ ಮನುಷ್ಯನ ಮೊದಲ ಗಿರಾಕಿ ಬ್ರಿಟಿಷ್ ಆಡಳಿತವೇ. ರೈಲ್ವೆ ಹಳಿ, ಸೇತುವೆ, ಸುರಂಗ, ಮೊದಲ ಮಹಾಯುದ್ಧದ ಹೊತ್ತಿನ ಸೇನೆಯ ಕಟ್ಟಡ ಎಲ್ಲವೂ ಸರ್ಕಾರಿ ದುಡ್ಡಿನ ಕೆಲಸಗಳೇ. 1920ರಲ್ಲಿ ಟಾಟಾ ಜೊತೆ ಸೇರಿ ನಿರ್ಮಾಣ ಕಂಪನಿ ಮಾಡಿದರು. 1926ರಲ್ಲಿ ಹಿಂದೂಸ್ತಾನ್ ಕನ್‌ಸ್ಟ್ರಕ್ಷನ್ ಕಂಪನಿ ಹುಟ್ಟಿತು. ಮುಂಬೈ–ಪುಣೆ ನಡುವಿನ ಭೋರ್ ಘಾಟ್‌ನ ರೈಲ್ವೆ ಸುರಂಗಗಳನ್ನು ಕೊರೆದಿದ್ದು ಇವರ ಜನ. ಸಿಂಧೂ ನದಿಗೆ ಕಾಲಾಬಾಗ್ ಸೇತುವೆ ಕಟ್ಟಿದ್ದೂ ಇವರ ಕಂಪನಿಯೇ.

ಅಂದರೆ ಸರ್ಕಾರದ ಟೆಂಡರ್‌ನಲ್ಲಿ ಗಳಿಸಿದ ದುಡ್ಡೇ ಮುಂದೆ ಅದೇ ಸರ್ಕಾರದ ಜೊತೆ ಸೆಣಸೋಕೆ ಬಂಡವಾಳ ಆಯ್ತು. ಇದನ್ನು ಬೂಟಾಟಿಕೆ ಅಂತ ಕರೆಯುವ ಮನಸ್ಸು ನನಗೂ ಮೊದಲು ಆಗಿತ್ತು. ಆದರೆ ಆ ಕಾಲದಲ್ಲಿ ಇಷ್ಟು ದೊಡ್ಡ ಕೆಲಸ ಮಾಡಿಸುವ ಗಿರಾಕಿ ದೇಶದಲ್ಲಿ ಇನ್ಯಾರಿದ್ದರು ಹೇಳಿ?

ರಾಜನಿಷ್ಠೆ ಹೆಸರಿನ ಹಡಗು

1919. ಯುದ್ಧ ಮುಗಿದಿತ್ತು. ಗ್ವಾಲಿಯರ್ ಮಹಾರಾಜರ ಬಳಿ ಒಂದು ಹಳೇ ಹಡಗು ಮಾರಾಟಕ್ಕಿತ್ತು. 1890ರ ದಶಕದಲ್ಲಿ ಕೆನಡಾದ ಕಂಪನಿಗಾಗಿ ಎಂಪ್ರೆಸ್ ಆಫ್ ಇಂಡಿಯಾ ಅನ್ನೋ ಹೆಸರಿನಲ್ಲಿ ಓಡುತ್ತಿದ್ದ ಹಡಗದು. ಯುದ್ಧಕಾಲದಲ್ಲಿ ಅದನ್ನು ಗಾಯಾಳು ಸೈನಿಕರ ಆಸ್ಪತ್ರೆ ಹಡಗು ಮಾಡಿ, ಲಾಯಲ್ಟಿ ಅಂತ ಹೆಸರು ಬದಲಿಸಿದ್ದರು. ಲಾಯಲ್ಟಿ ಅಂದರೆ ರಾಜನಿಷ್ಠೆ. ವಾಲ್‌ಚಂದ್, ನರೋತ್ತಮ್ ಮುರಾರ್ಜಿ, ಕಿಲಾಚಂದ್ ದೇವಚಂದ್, ಲಲ್ಲುಭಾಯಿ ಸಾಮಲದಾಸ್ ಸೇರಿಕೊಂಡು ಅದನ್ನು ಕೊಂಡರು. ಸಿಂಧಿಯಾ ಸ್ಟೀಮ್ ನ್ಯಾವಿಗೇಷನ್ ಕಂಪನಿ ಹುಟ್ಟಿತು. 1919ರ ಏಪ್ರಿಲ್ 5ರಂದು ಲಾಯಲ್ಟಿ ಮುಂಬೈನಿಂದ ಲಂಡನ್‌ಗೆ ಹೊರಟಿತು. ಇವತ್ತಿಗೂ ದೇಶದಲ್ಲಿ ರಾಷ್ಟ್ರೀಯ ಸಾಗರಯಾನ ದಿನ ಆಚರಿಸುವುದು ಅದೇ ಏಪ್ರಿಲ್ 5ರಂದು.

ಹಡಗು ಕೊಳ್ಳೋದು ಸುಲಭದ ಭಾಗ. ಅದಕ್ಕೆ ಸರಕು ಸಿಗಬೇಕಲ್ಲ? ಆಗ ಭಾರತದ ಕರಾವಳಿ ಸಾಗಣೆಯನ್ನು ಬ್ರಿಟಿಷ್ ಇಂಡಿಯಾ ಎಂಬ ಕಂಪನಿ, ವಿದೇಶ ಸಾಗಣೆಯನ್ನು ಅದರ ಸೋದರ ಕಂಪನಿ ಪಿ ಆಂಡ್ ಒ ಹಿಡಿದಿಟ್ಟುಕೊಂಡಿದ್ದವು. ಎರಡಕ್ಕೂ ಒಬ್ಬನೇ ಯಜಮಾನ, ಲಾರ್ಡ್ ಇಂಚ್‌ಕೇಪ್. ಅವರ ಆಯುಧಗಳು ಎರಡು. ಮೊದಲನೆಯದು ದರಸಮರ. ಹೊಸಬರು ಬಂದ ಕೂಡಲೇ ಸಾಗಣೆ ದರವನ್ನು ಪಾತಾಳಕ್ಕೆ ಇಳಿಸೋದು, ಹೊಸಬರು ದಿವಾಳಿ ಎದ್ದ ಮೇಲೆ ಮತ್ತೆ ಏರಿಸೋದು. ಎರಡನೆಯದು ರಿಬೇಟ್. ವ್ಯಾಪಾರಿಯೊಬ್ಬ ತನ್ನ ಎಲ್ಲಾ ಸರಕನ್ನೂ ಇವರ ಹಡಗಲ್ಲೇ ಕಳಿಸಿದರೆ, ಎಷ್ಟೋ ತಿಂಗಳ ನಂತರ ಕೊಟ್ಟ ಬಾಡಿಗೆಯ ಒಂದು ಪಾಲು ವಾಪಸ್. ನಡುವೆ ಒಂದೇ ಒಂದು ಮೂಟೆ ಬೇರೆಯವರ ಹಡಗಿಗೆ ಹಾಕಿದರೂ ಅಷ್ಟೂ ಗೋತಾ. ಗಿರಾಕಿಯ ದುಡ್ಡನ್ನೇ ಗಿರಾಕಿಯ ಕಾಲಿಗೆ ಹಗ್ಗ ಮಾಡೋ ಉಪಾಯ ಇದು.

ಇದು ಹೊಸದೇನೂ ಆಗಿರಲಿಲ್ಲ. 1890ರ ದಶಕದಲ್ಲಿ ಜಮ್‌ಶೆಟ್‌ಜಿ ಟಾಟಾ ಜಪಾನಿಗೆ ಹಡಗು ಓಡಿಸಲು ಹೋಗಿ ದರಸಮರದಲ್ಲೇ ಸೋತಿದ್ದರು. 1906ರಲ್ಲಿ ತೂತ್ತುಕುಡಿಯಲ್ಲಿ ವಿ.ಒ. ಚಿದಂಬರಂ ಪಿಳ್ಳೈ ಸ್ವದೇಶಿ ಹಡಗು ಕಂಪನಿ ಕಟ್ಟಿದಾಗ ಅವರನ್ನು ದರದಿಂದಷ್ಟೇ ಬಗ್ಗಿಸಲಾಗದೆ 1908ರಲ್ಲಿ ರಾಜದ್ರೋಹದ ಕೇಸು ಹಾಕಿ ಜೈಲಿಗೆ ತಳ್ಳಿದರು. ಮಾರುಕಟ್ಟೆ ಸ್ಪರ್ಧೆ ಎಲ್ಲಿ ಮುಗಿದು ಪೊಲೀಸ್ ಠಾಣೆ ಎಲ್ಲಿ ಶುರುವಾಗುತ್ತೆ ಅನ್ನೋದು ಆ ಕಾಲದಲ್ಲೂ ಮಸುಕಾಗಿಯೇ ಇತ್ತು.

ಮೇಜಿನ ಎರಡೂ ಬದಿ ಕೂತವನು

ನನ್ನ ಕಣ್ಣು ತೆರೆಸಿದ ವಿವರ ಇಲ್ಲಿದೆ. 1922-23ರಲ್ಲಿ ಭಾರತ ಸರ್ಕಾರ ತನ್ನ ಖರ್ಚು ಕಡಿಮೆ ಮಾಡೋದು ಹೇಗೆ ಅಂತ ಸಲಹೆ ಕೊಡಲು ಒಂದು ಸಮಿತಿ ನೇಮಿಸಿತು. ಅಧ್ಯಕ್ಷರು ಯಾರು ಗೊತ್ತಾ? ಇದೇ ಲಾರ್ಡ್ ಇಂಚ್‌ಕೇಪ್. ಸರ್ಕಾರದ ಟಪಾಲು ಸಾಗಿಸಿ ಸರ್ಕಾರದಿಂದ ದುಡ್ಡು ಪಡೆಯುವ ಹಡಗು ಕಂಪನಿಗಳ ಯಜಮಾನ, ಸರ್ಕಾರದ ಖರ್ಚುವೆಚ್ಚ ಪರಿಶೀಲಿಸುವ ಸಮಿತಿಗೂ ಯಜಮಾನ.

ಅದೇ 1923ರಲ್ಲಿ ಸಿಂಧಿಯಾ ಕಂಪನಿ ಸುಸ್ತಾಗಿ ಬ್ರಿಟಿಷ್ ಇಂಡಿಯಾ ಜೊತೆ ಹತ್ತು ವರ್ಷದ ಒಪ್ಪಂದಕ್ಕೆ ಸಹಿ ಹಾಕಿತು. ಇಷ್ಟೇ ಟನ್ನಿನ ಹಡಗು ಇಟ್ಟುಕೊಳ್ಳಬೇಕು, ಕರಾವಳಿಯ ಸರಕು ಸಾಗಣೆಯ ಆಚೆ ಕಾಲಿಡಬಾರದು ಅನ್ನೋ ಧಾಟಿಯ ಷರತ್ತುಗಳು. ಬದಲಿಗೆ ದರಸಮರ ನಿಲ್ಲುತ್ತೆ. ಬದುಕುಳಿಯಲು ಬಾಲ ಕತ್ತರಿಸಿಕೊಂಡ ಹಲ್ಲಿಯ ಹಾಗೆ.

ವಾಲ್‌ಚಂದ್‌ಗೆ ಅಲ್ಲಿಗೆ ಒಂದು ವಿಷಯ ಮನದಟ್ಟಾಯ್ತು. ಈ ಲಡಾಯಿಯನ್ನು ಬಂದರಿನಲ್ಲಿ ಗೆಲ್ಲೋಕಾಗಲ್ಲ, ಶಾಸನಸಭೆಯಲ್ಲಿ ಗೆಲ್ಲಬೇಕು. ಆಗಲೇ ಸರ್ಕಾರವೇ ನೇಮಿಸಿದ್ದ ಹೆಡ್ಲಮ್ ಸಮಿತಿ 1924ರಲ್ಲಿ ವರದಿ ಕೊಟ್ಟು, ಭಾರತದ ಕರಾವಳಿ ಸಾಗಣೆಯನ್ನು ಹಂತಹಂತವಾಗಿ ಭಾರತೀಯ ಹಡಗುಗಳಿಗೆ ಮೀಸಲಿಡಬೇಕು ಅಂತ ಹೇಳಿತು. ಸರ್ಕಾರ ಆ ವರದಿಯಿಂದ ಒಪ್ಪಿಕೊಂಡ ಮುಖ್ಯ ಅಂಶ ಅಂದರೆ ಹುಡುಗರಿಗೆ ನೌಕಾ ತರಬೇತಿ ಕೊಡೋ ಡಫರಿನ್ ಎಂಬ ಹಡಗು. ನಾವಿಕರನ್ನು ತಯಾರು ಮಾಡೋದು ಸರಿ, ಅವರು ಓಡಿಸೋ ಹಡಗು ಯಾರದ್ದು ಅನ್ನೋ ಪ್ರಶ್ನೆಗೆ ಮಾತ್ರ ಮೌನ. ಸಮಿತಿ ರಚಿಸು, ವರದಿ ತರಿಸು, ಕಪಾಟಿನಲ್ಲಿ ಇಡು. ಇದು ನಮಗೆ ಚೆನ್ನಾಗಿ ಗೊತ್ತಿರೋ ಆಟ.

1928ರಲ್ಲಿ ಎಸ್.ಎನ್. ಹಾಜಿ ಕೇಂದ್ರ ಶಾಸನಸಭೆಯಲ್ಲಿ ಕರಾವಳಿ ಮೀಸಲು ಮಸೂದೆ ಮಂಡಿಸಿದರು. ಬ್ರಿಟಿಷ್ ಕಂಪನಿಗಳು ಇದು ಜನಾಂಗೀಯ ತಾರತಮ್ಯ ಅಂತ ಗುಲ್ಲೆಬ್ಬಿಸಿದವು. ನೂರಾರು ವರ್ಷ ತಾರತಮ್ಯದ ಮೇಲೆಯೇ ಬೆಳೆದವರು ಸಮಾನತೆಯ ಭಾಷೆ ಮಾತಾಡತೊಡಗಿದ್ದರು! ಮಸೂದೆ ಕಾಯ್ದೆಯಾಗಲಿಲ್ಲ. ಅಷ್ಟೇ ಅಲ್ಲ, 1935ರ ಭಾರತ ಸರ್ಕಾರ ಕಾಯ್ದೆಯಲ್ಲಿ ಬ್ರಿಟಿಷ್ ಕಂಪನಿ ಮತ್ತು ಹಡಗುಗಳ ವಿರುದ್ಧ ತಾರತಮ್ಯ ಮಾಡುವಂತಿಲ್ಲ ಅಂತ ಕಲಮುಗಳೇ ಸೇರಿಕೊಂಡವು. ಒಂದು ವ್ಯಾಪಾರದ ಹಿತ ಸಂವಿಧಾನದ ಮಟ್ಟಕ್ಕೆ ಏರಿದ್ದು ಹೀಗೆ.

ಈ ನಡುವೆ ಭಾರತೀಯ ಉದ್ಯಮಿಗಳೂ ಸುಮ್ಮನಿರಲಿಲ್ಲ. 1927ರಲ್ಲಿ ಅವರ ಒಕ್ಕೂಟ ಫಿಕ್ಕಿ ಹುಟ್ಟಿತು. 1932-33ರಲ್ಲಿ ವಾಲ್‌ಚಂದ್ ಅದರ ಅಧ್ಯಕ್ಷರಾದರು. ನೀತಿ ಬರೆಯುವ ಮೇಜಿಗೆ ಇವರೂ ಕುರ್ಚಿ ಎಳೆದುಕೊಂಡರು ಅನ್ನಿ.

ಸಕ್ಕರೆಯ ಸಿಹಿ ಯಾರಿಗೆ?

ಇಷ್ಟು ಓದಿದ ಮೇಲೆ ವಾಲ್‌ಚಂದ್ ಸರ್ಕಾರದಿಂದ ಬರೀ ಏಟು ತಿಂದವರು ಅನ್ಸುತ್ತೆ. ಪೂರ್ತಿ ನಿಜ ಅಲ್ಲ. 1932ರಲ್ಲಿ ಸರ್ಕಾರ ಸಕ್ಕರೆ ಉದ್ಯಮ ರಕ್ಷಣಾ ಕಾಯ್ದೆ ತಂದು, ಜಾವಾದಿಂದ ಬರುತ್ತಿದ್ದ ಅಗ್ಗದ ಸಕ್ಕರೆಗೆ ಭಾರೀ ಸುಂಕ ಹಾಕಿತು. ಆಗ ದೇಶದಲ್ಲಿ ಇದ್ದ ಆಧುನಿಕ ಸಕ್ಕರೆ ಕಾರ್ಖಾನೆಗಳು ಮೂವತ್ತರ ಆಸುಪಾಸು. ನಾಲ್ಕೈದು ವರ್ಷದಲ್ಲಿ ನೂರ ಮೂವತ್ತು ದಾಟಿದವು. ನಮ್ಮ ಮಂಡ್ಯದ ಮೈಶುಗರ್ ಶುರುವಾಗಿದ್ದೂ ಇದೇ ಕಾಲದಲ್ಲಿ. ನಾಸಿಕ್ ಜಿಲ್ಲೆಯ ರಾವಳಗಾಂವ್‌ನಲ್ಲಿ, ಪುಣೆ ಜಿಲ್ಲೆಯ ಇಂದಾಪುರ ತಾಲ್ಲೂಕಿನಲ್ಲಿ ವಾಲ್‌ಚಂದ್ ಕೂಡ ಕಾರ್ಖಾನೆ ಹಾಕಿದರು. ಎರಡನೆಯದರ ಸುತ್ತ ಬೆಳೆದ ಊರಿಗೆ ಅವರದೇ ಹೆಸರು, ವಾಲ್‌ಚಂದ್‌ನಗರ.

ಹಡಗಿನ ವಿಷಯದಲ್ಲಿ ಅವರು ಕೇಳಿ ಸಿಗದ ರಕ್ಷಣೆ ಸಕ್ಕರೆಯಲ್ಲಿ ಸಿಕ್ಕಿತು. ಯಾಕೆ? ಹಡಗಿನಲ್ಲಿ ರಕ್ಷಣೆ ಕೊಟ್ಟರೆ ನಷ್ಟ ಇಂಚ್‌ಕೇಪ್‌ಗೆ. ಸಕ್ಕರೆಯಲ್ಲಿ ಕೊಟ್ಟರೆ ನಷ್ಟ ಡಚ್ಚರ ಜಾವಾಗೆ. ಸರ್ಕಾರದ ಸಿದ್ಧಾಂತ ಎರಡೂ ಕಡೆ ಒಂದೇ ಆಗಿರಲಿಲ್ಲ, ನಷ್ಟ ಯಾರಿಗೆ ಅನ್ನೋದರ ಮೇಲೆ ಬದಲಾಗುತ್ತಿತ್ತು.

ಸುಂಕದ ಭಾರ ಹೊತ್ತವನು ಟೀಗೆ ಸಕ್ಕರೆ ಹಾಕಿಕೊಳ್ಳುವ ಸಾಮಾನ್ಯ ಮನುಷ್ಯ. ಕಬ್ಬು ಬೆಳೆದವನಿಗೆ ಅದರಲ್ಲಿ ಪಾಲು ತಾನಾಗಿ ಬರಲಿಲ್ಲ. ಕಬ್ಬಿಗೆ ಕನಿಷ್ಠ ಬೆಲೆ ಗೊತ್ತು ಮಾಡುವ ಅಧಿಕಾರವನ್ನು ಪ್ರಾಂತೀಯ ಸರ್ಕಾರಗಳಿಗೆ ಕೊಡಲು 1934ರಲ್ಲಿ ಇನ್ನೊಂದು ಕಾಯ್ದೆ ಬೇಕಾಯ್ತು. ಕಾರ್ಖಾನೆ ಮಾಲೀಕನಿಗೆ ಸುಂಕದ ಕೊಡೆ ಮೊದಲು ಸಿಕ್ಕಿತು, ರೈತನಿಗೆ ಆಮೇಲೆ. ಈಗಲೂ ಬೆಳಗಾವಿಯಲ್ಲೋ ಮಂಡ್ಯದಲ್ಲೋ ಕಬ್ಬಿನ ಬಾಕಿಗೆ, ದರಕ್ಕೆ ರೈತರು ರಸ್ತೆಗೆ ಇಳಿದಾಗ ನನಗೆ ಈ ಎರಡು ವರ್ಷದ ಅಂತರ ನೆನಪಾಗುತ್ತೆ. ಕಾರ್ಖಾನೆ ಮಾಲೀಕರೂ ಶಾಸಕರೂ ಒಂದೇ ಮನೆಯವರಾಗಿರುವ ಈ ಕಾಲದಲ್ಲಿ ಅಂತರ ಇನ್ನೂ ದೊಡ್ಡದಾಗಿದೆ.

ಕಾರಿಗೆ ಬೇಡ, ವಿಮಾನಕ್ಕೆ ಹೂಂ

1930ರ ದಶಕದ ಮಧ್ಯದಲ್ಲಿ ಸರ್ ಎಂ. ವಿಶ್ವೇಶ್ವರಯ್ಯ ದೇಶದಲ್ಲೇ ಕಾರು ತಯಾರಿಸುವ ಯೋಜನೆ ಹಿಡಿದು ಯುರೋಪ್, ಅಮೆರಿಕ ಸುತ್ತಿ ಬಂದಿದ್ದರು. ವಾಲ್‌ಚಂದ್ ಅದರ ಬೆನ್ನು ಹತ್ತಿದರು. 1937ರಲ್ಲಿ ಬಂದ ಬಾಂಬೆ ಪ್ರಾಂತ್ಯದ ಕಾಂಗ್ರೆಸ್ ಸರ್ಕಾರ ನೆರವು ಕೊಡಲು ಒಪ್ಪಿತ್ತು. ಆ ಸರ್ಕಾರ 1939ರಲ್ಲಿ ರಾಜೀನಾಮೆ ಕೊಟ್ಟು ಹೋಯಿತು. ಮೈಸೂರು ಸರ್ಕಾರ ಕೈ ಜೋಡಿಸಲು ಮುಂದೆ ಬಂತು. ದೆಹಲಿ ಅಡ್ಡಗಾಲು ಹಾಕಿತು. ಯುದ್ಧಕಾಲದಲ್ಲಿ ಇದಕ್ಕೆಲ್ಲ ಆದ್ಯತೆ ಇಲ್ಲ ಅನ್ನೋದು ಸಬೂಬು.

ಅದೇ 1939ರಲ್ಲಿ ಅಮೆರಿಕ ಪ್ರವಾಸದ ವಿಮಾನದಲ್ಲಿ ವಾಲ್‌ಚಂದ್‌ಗೆ ವಿಲಿಯಂ ಪಾಲಿ ಎಂಬ ಅಮೆರಿಕನ್ ಸಿಕ್ಕಿದರು. ಚೀನಾ ಸರ್ಕಾರಕ್ಕಾಗಿ ವಿಮಾನ ಜೋಡಿಸುವ ಕಾರ್ಖಾನೆ ನಡೆಸುತ್ತಿದ್ದವರು. ಚೀನಾದಲ್ಲಿ ಆಗುವುದಾದರೆ ಇಲ್ಲಿ ಯಾಕಾಗಲ್ಲ? ವಾಲ್‌ಚಂದ್ ದೆಹಲಿಗೆ ಬರೆದರು. ಎಂದಿನಂತೆ ಫೈಲು ಮಲಗಿತು. ಆದರೆ 1940ರ ಬೇಸಿಗೆಯಲ್ಲಿ ಫ್ರಾನ್ಸ್ ಬಿತ್ತು, ಡನ್‌ಕರ್ಕ್‌ನಿಂದ ಬ್ರಿಟಿಷ್ ಸೇನೆ ಜೀವ ಉಳಿಸಿಕೊಂಡು ಓಡಿತು, ಬ್ರಿಟನ್‌ನಿಂದ ವಿಮಾನ ಬರುತ್ತೆ ಅನ್ನೋ ನಂಬಿಕೆ ಹೋಯ್ತು. ಮಲಗಿದ್ದ ಫೈಲು ಎದ್ದು ಕೂತಿತು. ಕಾರಿಗೆ ಬೇಡ ಅಂದ ಅದೇ ಸರ್ಕಾರ ವಿಮಾನಕ್ಕೆ ಹೂಂ ಅಂದಿತು. ತನಗೆ ಬೇಕಾದಾಗ ಬಾಗಿಲು ತೆರೆಯೋದು ಅಂದರೆ ಇದೇ.

ಕಾರ್ಖಾನೆ ಎಲ್ಲಿ? ಬೇರೆ ಸಂಸ್ಥಾನಗಳ ಹೆಸರೂ ಇತ್ತು. ದಿವಾನ್ ಮಿರ್ಜಾ ಇಸ್ಮಾಯಿಲ್ ಅವರ ಮೈಸೂರು ಸರ್ಕಾರ ನೂರಾರು ಎಕರೆ ಜಾಗ, ಅಗ್ಗದ ವಿದ್ಯುತ್ತು, 25 ಲಕ್ಷ ರೂಪಾಯಿ ಬಂಡವಾಳ ಕೊಡ್ತೀವಿ ಅಂತ ಮುಂದೆ ಬಂತು. ಮೈಸೂರಿಗೆ ಇದೇನೂ ಹೊಸ ಸಾಹಸವಲ್ಲ. ಶಿವನಸಮುದ್ರದ ವಿದ್ಯುತ್ತು 1902ರಿಂದ ಇತ್ತು, ಭದ್ರಾವತಿಯ ಕಬ್ಬಿಣ ಕಾರ್ಖಾನೆ, ಬೆಂಗಳೂರಿನ ಸಾಬೂನು ಕಾರ್ಖಾನೆ ಸರ್ಕಾರವೇ ನಡೆಸುತ್ತಿತ್ತು. 1940ರ ಡಿಸೆಂಬರ್‌ನಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಂಪನಿ ನೋಂದಣಿಯಾಯಿತು. ಅಧಿಕೃತ ಬಂಡವಾಳ 4 ಕೋಟಿ ರೂಪಾಯಿ, ಅಧ್ಯಕ್ಷ ವಾಲ್‌ಚಂದ್. ದೊಮ್ಮಲೂರು ರಸ್ತೆಯ ಒಂದು ಬಂಗಲೆಯಲ್ಲಿ ಆಫೀಸು ಶುರು. 1941ರಲ್ಲಿ ಭಾರತ ಸರ್ಕಾರವೂ 25 ಲಕ್ಷ ಹಾಕಿ ಪಾಲುದಾರ ಆಯ್ತು. ಅದೇ ವರ್ಷ ಅಮೆರಿಕದಿಂದ ಬಂದ ಭಾಗಗಳನ್ನು ಜೋಡಿಸಿ ಹಾರ್ಲೊ ಎಂಬ ತರಬೇತಿ ವಿಮಾನ ಹೊರಗೆ ಬಂತು.

ಆಮೇಲೆ ಜಪಾನ್ ಯುದ್ಧಕ್ಕೆ ಇಳಿಯಿತು. 1942ರ ಫೆಬ್ರವರಿಯಲ್ಲಿ ಸಿಂಗಪುರ, ಮಾರ್ಚಿನಲ್ಲಿ ರಂಗೂನ್ ಬಿದ್ದವು. ಏಪ್ರಿಲ್‌ನಲ್ಲಿ ಭಾರತ ಸರ್ಕಾರ ವಾಲ್‌ಚಂದ್ ಮತ್ತು ಜೊತೆಗಾರರ ಷೇರುಗಳನ್ನು ಕೊಂಡುಕೊಂಡು ಕಂಪನಿಯನ್ನು ತನ್ನ ಕೈಗೆ ತೆಗೆದುಕೊಂಡಿತು. ಮೈಸೂರು ಮಾತ್ರ ತನ್ನ ಪಾಲು ಮಾರಲಿಲ್ಲ, ಆಡಳಿತವನ್ನಷ್ಟೇ ಬಿಟ್ಟುಕೊಟ್ಟಿತು. 1943ರಲ್ಲಿ ಕಾರ್ಖಾನೆ ಅಮೆರಿಕದ ವಾಯುಪಡೆಯ ರಿಪೇರಿ ಕೇಂದ್ರ ಆಯ್ತು. ಕಂಪನಿ ಹುಟ್ಟಿ ಒಂದೂವರೆ ವರ್ಷ ಆಗೋ ಮೊದಲೇ ಅದನ್ನು ಹುಟ್ಟಿಸಿದವನು ಹೊರಗೆ ನಿಂತಿದ್ದ. ತಾತನ ಬಾಯಲ್ಲಿ ಆ ಹೆಸರು ಬರದೇ ಇದ್ದದ್ದು ಯಾಕೆ ಅಂತ ನನಗೆ ಇಲ್ಲಿ ಅರ್ಥ ಆಯ್ತು.

ಸ್ವಾತಂತ್ರ್ಯ ಬಂತು, ಸಂಬಂಧ ಬದಲಾಯಿತಾ?

ವಿಶಾಖಪಟ್ಟಣದ ಹಡಗುಕಟ್ಟೆಯ ಕತೆಯೂ ಇದೇ ಜಾಡಿನದ್ದು. ಕಲ್ಕತ್ತಾದಲ್ಲಿ ಜಾಗ ಸಿಗದೆ ಸಿಂಧಿಯಾ ಕಂಪನಿ ವಿಶಾಖಪಟ್ಟಣಕ್ಕೆ ಹೋಯಿತು. 1941ರ ಜೂನ್ 21ರಂದು ಅಡಿಗಲ್ಲು ಹಾಕಿದ್ದು ಬಾಬು ರಾಜೇಂದ್ರ ಪ್ರಸಾದ್. ವೈಸರಾಯ್‌ನನ್ನೋ ಗವರ್ನರನನ್ನೋ ಕರೆಯದೆ ಕಾಂಗ್ರೆಸ್ ನಾಯಕರನ್ನು ಕರೆದಿದ್ದು ಸುಮ್ಮನೆ ಅಲ್ಲ. ನಾಳೆಯ ಸರ್ಕಾರ ಯಾರದ್ದು ಅನ್ನೋ ಲೆಕ್ಕ ವ್ಯಾಪಾರಿಗೆ ನಮಗಿಂತ ಮೊದಲೇ ಗೊತ್ತಾಗುತ್ತೆ. 1942ರ ಏಪ್ರಿಲ್‌ನಲ್ಲಿ ಆ ಊರಿನ ಮೇಲೆ ಜಪಾನಿನ ಬಾಂಬು ಬಿತ್ತು, ಕೆಲಸ ಹಿಂದೆ ಬಿತ್ತು. ಕೊನೆಗೆ 1948ರ ಮಾರ್ಚ್ 14ರಂದು ಪ್ರಧಾನಿ ನೆಹರೂ ಅಲ್ಲಿ ಕಟ್ಟಿದ ಜಲ ಉಷಾ ಹಡಗನ್ನು ನೀರಿಗಿಳಿಸಿದರು. ಆದರೆ ಇಲ್ಲಿ ಕಟ್ಟಿದ ಹಡಗಿನ ಖರ್ಚು ಬ್ರಿಟನ್ನಿನ ಬೆಲೆಗಿಂತ ಜಾಸ್ತಿ. ಆ ವ್ಯತ್ಯಾಸ ತುಂಬಲು ಸರ್ಕಾರದ ದುಡ್ಡು ಬೇಕು. 1952ರಲ್ಲಿ ಸರ್ಕಾರವೇ ಹೆಚ್ಚಿನ ಪಾಲು ತೆಗೆದುಕೊಂಡು ಹಿಂದೂಸ್ತಾನ್ ಶಿಪ್‌ಯಾರ್ಡ್ ಮಾಡಿತು.

ಕರಾವಳಿ ಸಾಗಣೆ? ಮೂರು ದಶಕ ಬೇಡಿ ಸಿಗದ ಮೀಸಲು ಸ್ವತಂತ್ರ ಸರ್ಕಾರದಿಂದ 1950ರ ದಶಕ ಶುರುವಾಗುವ ಹೊತ್ತಿಗೆ ಸಿಕ್ಕಿತು. ಅದನ್ನು ಅನುಭವಿಸುವ ಸ್ಥಿತಿಯಲ್ಲಿ ವಾಲ್‌ಚಂದ್ ಇರಲಿಲ್ಲ. 1949ರಲ್ಲಿ ಲಕ್ವ ಹೊಡೆದಿತ್ತು, 1950ರಲ್ಲಿ ವ್ಯವಹಾರದಿಂದ ದೂರ ಸರಿದರು. 1953ರ ಏಪ್ರಿಲ್ 8ರಂದು ಗುಜರಾತಿನ ಸಿದ್ಧಪುರದಲ್ಲಿ ತೀರಿಕೊಂಡರು.

ಕಾರಿನ ಕನಸು ಮಾತ್ರ ಅವರ ಕೈಯಲ್ಲೇ ನನಸಾಗಿತ್ತು. 1944ರಲ್ಲಿ ಪ್ರೀಮಿಯರ್ ಆಟೋಮೊಬೈಲ್ಸ್, ಮುಂಬೈನ ಕುರ್ಲಾದಲ್ಲಿ. ಮೊದಲು ಕ್ರೈಸ್ಲರ್ ಜೊತೆ, ಆಮೇಲೆ ಫಿಯಟ್ ಜೊತೆ. ಇದರ ಮುಂದಿನ ಕತೆ ಅವರ ಅಭಿಮಾನಿಗಳು ಅಷ್ಟಾಗಿ ಹೇಳಲ್ಲ. ಬಿಡಿಭಾಗಗಳನ್ನು ಇಲ್ಲೇ ತಯಾರಿಸಬೇಕು ಅನ್ನೋ ಸರ್ಕಾರದ ನೀತಿ ಬಂದಾಗ ಫೋರ್ಡ್, ಜನರಲ್ ಮೋಟಾರ್ಸ್ 1950ರ ದಶಕದಲ್ಲಿ ಭಾರತ ಬಿಟ್ಟವು. ಉಳಿದ ಎರಡು-ಮೂರು ಕಂಪನಿಗಳಿಗೆ ಬೇಲಿ ಹಾಕಿದ ಮಾರುಕಟ್ಟೆ. ಕಾರು ಬುಕ್ ಮಾಡಿ ವರ್ಷಗಟ್ಟಲೆ ಕಾಯಬೇಕಿತ್ತು. 1960ರ ದಶಕದ ಫಿಯಟ್ ಮಾದರಿಯೇ ಪ್ರೀಮಿಯರ್ ಪದ್ಮಿನಿ ಅನ್ನೋ ಹೆಸರಲ್ಲಿ ಈ ಶತಮಾನದ ಹೊಸ್ತಿಲವರೆಗೂ ತಯಾರಾಯ್ತು. ಮುಂಬೈನ ಕಪ್ಪು-ಹಳದಿ ಪದ್ಮಿನಿ ಟ್ಯಾಕ್ಸಿಗಳು 2023ರಲ್ಲಿ ರಸ್ತೆಯಿಂದ ಹೋದಾಗ ಎಲ್ಲರೂ ಭಾವುಕರಾದೆವು. ನಾನೂ ಒಂದು ಪೋಸ್ಟ್ ಹಾಕಿದ್ದೆ. ಆದರೆ ಅಷ್ಟು ವರ್ಷ ಅದೇ ಕಾರು ಯಾಕೆ ಓಡ್ತಿತ್ತು ಅಂತ ಯೋಚಿಸಿರಲಿಲ್ಲ. ಲಾರ್ಡ್ ಇಂಚ್‌ಕೇಪ್‌ನ ಬೇಲಿಯ ವಿರುದ್ಧ ಹೋರಾಡಿದವರ ಕಂಪನಿಯೇ ಇನ್ನೊಂದು ಬೇಲಿಯೊಳಗೆ ಆರಾಮಾಗಿ ಕೂತಿತ್ತು.

ಹಾಗಾದರೆ ನಾವು ಕೇಳಬೇಕಾದ್ದೇನು?

ವಾಲ್‌ಚಂದ್ ಬದುಕಿನಲ್ಲಿ ಸರ್ಕಾರ ದೂರ ನಿಂತ ಒಂದು ದಿನವೂ ನನಗೆ ಕಾಣಲಿಲ್ಲ. ಗಿರಾಕಿಯಾಗಿ, ಎದುರಾಳಿಯ ಬೆಂಬಲಿಗನಾಗಿ, ಸುಂಕದ ಗೋಡೆಯಾಗಿ, ಪಾಲುದಾರನಾಗಿ, ಕೊನೆಗೆ ಮಾಲೀಕನಾಗಿ ಅದು ಅಲ್ಲೇ ಇತ್ತು. ಸರ್ಕಾರ ಸುಮ್ಮನಿದ್ದರೆ ಸಾಕು ಅನ್ನೋ ಗೆಳೆಯರಿಗೆ ನಾನು ಈಗ ಹೇಳೋದು ಇಷ್ಟೇ: ಇಂಚ್‌ಕೇಪ್ ದರಸಮರ ಮಾಡುವಾಗ ಸರ್ಕಾರ ಸುಮ್ಮನೇ ಇತ್ತು. ಸುಮ್ಮನಿರೋದೂ ಒಂದು ನೀತಿಯೇ, ಅದರಿಂದಲೂ ಯಾರೋ ಒಬ್ಬರಿಗೆ ಲಾಭ.

ಉದ್ಯಮಿಗಳೆಲ್ಲ ಕಳ್ಳರು ಅನ್ನೋ ಗೆಳೆಯರಿಗೂ ಒಂದು ಮಾತಿದೆ. ನಾನೂ ಈ ಗುಂಪಿನವನೇ ಆಗಿದ್ದೆ. ಮೈಸೂರು ಸರ್ಕಾರ ಒಬ್ಬ ಖಾಸಗಿ ಉದ್ಯಮಿಗೆ ಜಾಗ, ವಿದ್ಯುತ್ತು, ದುಡ್ಡು ಎಲ್ಲ ಕೊಟ್ಟಿತು. ಇವತ್ತು ಹೀಗೆ ಆದರೆ ನಾನು ಮೊದಲು ಬೋರ್ಡು ಹಿಡಿದು ನಿಲ್ಲುತ್ತಿದ್ದೆ. ಆದರೆ ಮೈಸೂರು ಅದಕ್ಕೆ ಬದಲಾಗಿ ಷೇರು ತಗೊಂಡಿತ್ತು. ಉದ್ಯಮಿ ಹೊರಗೆ ಹೋದ ಮೇಲೂ ಆ ಪಾಲು ಉಳಿಯಿತು, ಫ್ಯಾಕ್ಟರಿ ಉಳಿಯಿತು. 1942ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ವಿಮಾನ ಎಂಜಿನಿಯರಿಂಗ್ ವಿಭಾಗ ಶುರುವಾಯ್ತು, ಒಂದು ಊರು ಬೆಳೆಯಿತು, ನಮ್ಮ ತಾತನಿಗೆ ಕಾಯಂ ಕೆಲಸ ಸಿಕ್ಕಿತು.

ಅದಕ್ಕೇ ಯಾವುದಾದರೂ ಹೂಡಿಕೆ ಒಪ್ಪಂದದ ಸುದ್ದಿ ಬಂದಾಗ ನಾನೀಗ ಮೂರು ವಿಷಯ ಹುಡುಕುತ್ತೇನೆ. ಒಂದು, ನೀತಿ ಬರೆದ ಸಮಿತಿಯಲ್ಲಿ ಕೂತವರು ಯಾರು, ಅವರ ವ್ಯಾಪಾರ ಏನು? ಎರಡು, ಕೊಟ್ಟ ರಿಯಾಯಿತಿಗೆ ಕೊನೆಯ ದಿನಾಂಕ ಇದೆಯಾ, ಅಥವಾ ಪದ್ಮಿನಿ ಥರ ಕೇಳೋರಿಲ್ಲದೆ ಮುಂದುವರಿಯುತ್ತಾ? ಮೂರು, ಜಾಗ ಮತ್ತು ತೆರಿಗೆ ವಿನಾಯಿತಿ ಕೊಟ್ಟ ಜನರಿಗೆ ಬದಲಿಗೆ ಪಾಲು ಏನು, ಅದು ಕಾಗದದಲ್ಲಿ ಇದೆಯಾ?

ಈ ಮೂರಕ್ಕೂ ಉತ್ತರ ಸಿಗಬೇಕಾದರೆ ಲೆಕ್ಕ ಕಣ್ಣಿಗೆ ಕಾಣಬೇಕು. ಯಾವ ಕಂಪನಿ ಯಾವ ಪಕ್ಷಕ್ಕೆ ಎಷ್ಟು ಕೊಟ್ಟಿತು ಅನ್ನೋದನ್ನು ಮತದಾರರಿಂದ ಮುಚ್ಚಿಟ್ಟಿದ್ದ ಚುನಾವಣಾ ಬಾಂಡ್ ಪದ್ಧತಿ ಸಂವಿಧಾನಬಾಹಿರ ಅಂತ ಸುಪ್ರೀಂ ಕೋರ್ಟ್ ಹೇಳಿದ್ದು 2024ರ ಫೆಬ್ರವರಿಯಲ್ಲಿ. ಅದಕ್ಕೂ ಮೊದಲು ಆರು ವರ್ಷ ಅದು ನಡೆದಿತ್ತು. ಇಂಚ್‌ಕೇಪ್ ಯಾವ ಸಮಿತಿಯಲ್ಲಿ ಕೂತಿದ್ದ ಅನ್ನೋದಾದರೂ ಆಗಿನವರಿಗೆ ಗೊತ್ತಿತ್ತು.

ನಮ್ಮ ಚಿಕ್ಕಪ್ಪನ ಮಗ ಐಟಿಐ ಮುಗಿಸಿ ಈಗ ಬೆಂಗಳೂರಿನ ಹೊರವಲಯದ ಒಂದು ಕಾರ್ಖಾನೆಯಲ್ಲಿ ಗುತ್ತಿಗೆ ಕೆಲಸಕ್ಕಿದ್ದಾನೆ. ತಾತ ಮಾಡಿದ ಕೆಲಸವೇ, ಫಿಟ್ಟರ್. ಹನ್ನೊಂದು ತಿಂಗಳಿಗೊಮ್ಮೆ ಹೊಸ ಕಾಗದಕ್ಕೆ ಸಹಿ. ಆ ಕಾರ್ಖಾನೆಗೆ ಸರ್ಕಾರ ಜಾಗ ಕೊಟ್ಟಿದೆ, ರಿಯಾಯಿತಿಯೂ ಕೊಟ್ಟಿದೆ. ಹೋದ ಹಬ್ಬಕ್ಕೆ ಬಂದಾಗ ಅವನು ಕೇಳಿದ: ಅಣ್ಣಾ, ಇಷ್ಟೆಲ್ಲ ಕೊಟ್ಟೋರು ನಮಗೆ ಕಾಯಂ ಮಾಡಿ ಅಂತ ಒಂದು ಸಾಲು ಬರೆಸಿಕೊಳ್ಳೋಕೆ ಆಗ್ತಿರಲಿಲ್ವಾ?

ಆಗ್ತಿತ್ತು ಕಣೋ ಅಂದೆ. ಆ ಒಪ್ಪಂದದ ಪ್ರತಿ ಕೇಳಿ ಮಾಹಿತಿ ಹಕ್ಕಿನ ಅರ್ಜಿ ಹಾಕೋಣ ಅಂತ ಅವತ್ತೇ ಇಬ್ಬರೂ ಕೂತು ಬರೆದೆವು.